ಬಸಣ್ಣ ಹುಡುಕಿದ ಮರ

ಹರಿಹರದಿಂದ ಒಂದಿಷ್ಟು ದೂರ, ತುಂಗಭದ್ರೆಯ ದಂಡೆಯಲ್ಲಿ ಒಬ್ಬ ಅಜ್ಜಯ್ಯನವರ ಆಶ್ರಮವಿತ್ತು. ಆಶ್ರಮವೆಂದರೆ ಒಂದು ಗುಡಿಸಲು, ಒಂದು ಕಟ್ಟೆ, ಸುತ್ತ ಔಷಧಿ ಗಿಡಗಳು. ಅಷ್ಟೇ.

ಮಹಾಯುದ್ಧದ ಕಾಲ. ಒಂದು ಬೆಳಗ್ಗೆ ಅಲ್ಲಿಗೆ ಬರ್ಮಾ ದೇಶದವನೊಬ್ಬ ಬಂದ. ಹೆಸರು ಬಾ ಸೇನ್. ರಂಗೂನಿನಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿದ್ದವನು.

ಅವನ ಹೆಂಡತಿ ಹಾಲಮ್ಮ ಇದೇ ಸೀಮೆಯವಳು. ಚಿಕ್ಕವಳಿದ್ದಾಗ ಅಪ್ಪನ ಜೊತೆ ದುಡಿಮೆ ಹುಡುಕಿಕೊಂಡು ರಂಗೂನಿಗೆ ಹೋಗಿ, ಅಲ್ಲೇ ಅವನ ಕೈ ಹಿಡಿದಿದ್ದಳು. ಊರ ಮೇಲೆ ಬಾಂಬು ಬಿದ್ದಾಗ ಇಬ್ಬರೂ ಸಾವಿರಾರು ಜನರ ಜೊತೆ ಕಾಡು ಗುಡ್ಡ ದಾಟಿ, ನಡೆದೇ ಈ ದೇಶ ಸೇರಿದ್ದರು.

ಹಾಲಮ್ಮನ ತವರಿನವರಿಗೆ ಬಾ ಸೇನ್ ಎನ್ನಲು ನಾಲಿಗೆ ತಿರುಗಲಿಲ್ಲ. ಬಸಣ್ಣ ಎಂದರು. ಅವನು ಅದಕ್ಕೇ ಓಗೊಟ್ಟ.

ಅಜ್ಜಯ್ಯ ಬಿಸಿಲಿಗೆ ಹಾಕಿದ್ದ ಬೇರುಗಳನ್ನು ಮಗುಚುತ್ತಿದ್ದರು.

"ನಿಮಗೆ ಗಿಡಮರ ಎಲ್ಲಾ ಗೊತ್ತಂತೆ," ಎಂದ ಬಸಣ್ಣ. ಹೆಂಡತಿಯಿಂದ ಕಲಿತ ಕನ್ನಡ. "ಒಂದು ಮರದ ಹೆಸರು ಹೇಳಬೇಕು."

"ಎಲ್ಲಿದೆ ಆ ಮರ?"

"ಬರ್ಮಾದ ಗಡಿಯಲ್ಲಿ. ನಾವು ನಡೆದು ಬಂದ ದಾರೀಲಿ."

ಅಜ್ಜಯ್ಯನವರ ಕೈ ನಿಂತಿತು.

"ದಾರೀಲಿ ಮಗಳಿಗೆ ಜ್ವರ ಬಂತು. ಹಾಲಮ್ಮನಿಗೂ ಮೈಮೇಲೆ ಪ್ರಜ್ಞೆ ಇರಲಿಲ್ಲ. ಅವಳನ್ನ ಡೋಲಿಯಲ್ಲಿ ಮುಂದೆ ಕಳಿಸಿದ್ದೆ. ಮಗು ನನ್ನ ಬೆನ್ನ ಮೇಲೇ ಹೋಗಿಬಿಡ್ತು. ಜೋರು ಮಳೆ. ಒಂದು ಮರದ ಬುಡದಲ್ಲಿ ಮಣ್ಣು ಮಾಡಿ ಬಂದೆ."

"ಹೂಂ."

"ನಿರಾಶ್ರಿತರ ಶಿಬಿರದಲ್ಲಿ ಎಚ್ಚರ ಆದಾಗ ಹಾಲಮ್ಮ ಕೇಳಿದಳು, ಎಲ್ಲಿ ಮಲಗಿಸಿದ್ರಿ ಅಂತ. ಒಂದು ಮರದ ಕೆಳಗೆ ಅಂದೆ. ಯಾವ ಮರ ಅಂದಳು. ನಾನು ಪೇಟೆಯವನು ಅಜ್ಜಯ್ಯ, ನನಗೆ ಮರ ಅಂದ್ರೆ ಮರ, ಅಷ್ಟೇ. ಗೊತ್ತಿಲ್ಲ ಅಂದೆ. ಆಮೇಲೆ ಅವಳು ಕೇಳಲೇ ಇಲ್ಲ."

"ಮರ ಹೇಗಿತ್ತು?"

"ಎತ್ತರ ಇತ್ತು. ಕಡ್ಡಿಯ ಎರಡೂ ಕಡೆ ಸಾಲಾಗಿ ಎಲೆ. ಕಾಂಡ ಮುಟ್ಟಿದ್ರೆ ಕೈಗೆ ಅಂಟು ಹತ್ತೋದು."

"ಅಂಥವು ಬೇಕಾದಷ್ಟಿವೆ. ನಾನು ಆ ದಾರಿ ನಡೆದವನಲ್ಲಪ್ಪ. ನನಗೆ ಗೊತ್ತಿರೋದು ಈ ದಂಡೆಯ ಗಿಡಗಳು ಮಾತ್ರ."

"ಅವನ್ನೇ ಕಲಿಸಿ."

ಅಜ್ಜಯ್ಯ ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟರು.

ಬಸಣ್ಣ ಹಟ ಹಿಡಿದು ಕಲಿತ. ಗಡಿಯಾರದ ಹಲ್ಲುಚಕ್ರ ನೋಡಿ ಪಳಗಿದ ಕಣ್ಣು ಎಲೆಯ ನರಗಳಿಗೂ ಹೂವಿನ ಕೇಸರಕ್ಕೂ ಬೇಗ ಒಗ್ಗಿಕೊಂಡಿತು.

ಒಂದು ದಿನ ಅವನು ಹೊಳೆಯ ಆಚೆಯಿಂದ ಒಂದು ಟಿಸಿಲು ಮುರಿದು ತಂದ.

"ಇದು ತುಂಬೆ," ಎಂದ.

"ಹೂ ಇತ್ತಾ?"

"ಇನ್ನೂ ಬಿಟ್ಟಿಲ್ಲ. ಎಲೆ ನೋಡಿದ್ರೇ ಗೊತ್ತಾಗುತ್ತಲ್ಲ."

ಅಜ್ಜಯ್ಯ ಟಿಸಿಲನ್ನು ಇಸಿದುಕೊಂಡು ಹೊಳೆಗೆ ಎಸೆದರು.

"ಹೋಗು, ಅದರ ಹತ್ತಿರ ಕೂತ್ಕೋ. ಹೂ ಬಿಟ್ಟ ಮೇಲೆ ಬಾ."

ಬಸಣ್ಣನಿಗೆ ಸಿಟ್ಟು ಬಂತು. ಆದರೂ ಹೋದ. ದಿನಾ ದೋಣಿಯಲ್ಲಿ ದಾಟಿ, ಗಿಡದ ಪಕ್ಕ ಕೂತು, ಸಂಜೆಗೆ ವಾಪಸಾಗುತ್ತಿದ್ದ. ಒಂದು ಮಳೆ ಬಿದ್ದ ಮೇಲೆ ಗಿಡ ಹೂ ಬಿಟ್ಟಿತು. ತುಂಬೆಯ ಬಿಳುಪು ಅದರಲ್ಲಿರಲಿಲ್ಲ. ಅಚ್ಚ ನೇರಳೆ.

"ತಪ್ಪಾಗಿತ್ತು ಅಜ್ಜಯ್ಯ. ಇದು ಬೇರೆ ಗಿಡ."

"ಹೇಗೆ ಗೊತ್ತಾಯ್ತು?"

"ಹತ್ತಿರ ಕೂತಿದ್ದೆ."

ಅಜ್ಜಯ್ಯ ತಲೆಯಾಡಿಸಿದರು. "ಮನೆಯಲ್ಲಿ ಹಾಲಮ್ಮ ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ," ಎಂದ ಬಸಣ್ಣ. "ಈ ಹೂವಿನ ಒಳಗೆ ನೋಡಿ, ಕೂದಲಿನ ಹಾಗೆ ಏನೋ ಇದೆ."

ಕಾಲ ಸರಿಯಿತು. ಒಂದು ಕಾಲೇಜಿನವರು ಬಸಣ್ಣನನ್ನು ಗಿಡ ಸಂಗ್ರಹಿಸುವ ಕೆಲಸಕ್ಕೆ ಕರೆದುಕೊಂಡರು. ಹೆಗಲಿಗೊಂದು ತಗಡಿನ ಪೆಟ್ಟಿಗೆ ಹಾಕಿಕೊಂಡು ಅವನು ಘಟ್ಟ ಹತ್ತಿದ, ಕರಾವಳಿ ಇಳಿದ. ಉಂಬಳ ಕಚ್ಚಿಸಿಕೊಂಡ, ಎರಡು ಸಲ ಜ್ವರದಲ್ಲಿ ಸಾಯುವಂತಾದ. ಅದುವರೆಗೆ ಯಾರೂ ಕಂಡಿರದ ಒಂದು ಹುಲ್ಲನ್ನು ಅವನು ಕಂಡಾಗ ಪಂಡಿತರು ಅದಕ್ಕೆ ಅವನ ಹೆಸರನ್ನೇ ಇಟ್ಟರು. ಶಾಲು ಹೊದಿಸಿದರು. ಬಸಣ್ಣ ಮೇಷ್ಟ್ರು ಎಂದರೆ ನಾಲ್ಕು ಜಿಲ್ಲೆಗೆ ಗೊತ್ತಾಯಿತು.

ರಂಗೂನಿಗೆ ಹಿಂತಿರುಗಲು ಆಗಲೇ ಇಲ್ಲ. ಅಲ್ಲಿದ್ದ ಅವನ ಅವ್ವ ತೀರಿಕೊಂಡ ಸುದ್ದಿ ವರ್ಷ ಕಳೆದ ಮೇಲೆ ಬಂತು.

ಘಟ್ಟದಲ್ಲಿ ಅಂಟು ಬಿಡುವ ಮರ ಹತ್ತಾರು ಸಿಕ್ಕವು. ಇದೇ ಇರಬಹುದು, ಅದೇ ಇರಬಹುದು. ಆ ಗುಡ್ಡಕ್ಕೆ ಹೋಗಿ ನೋಡದೆ ಹೇಳುವಂತಿರಲಿಲ್ಲ. ಸುತ್ತಾಟ ಮುಗಿಸಿ ಬಂದಾಗಲೆಲ್ಲ ಅವನು ಮೊದಲು ಆಶ್ರಮಕ್ಕೆ ಬರುತ್ತಿದ್ದ.

"ಹಾಲಮ್ಮ ಏನಂತಾಳೆ?" ಎಂದು ಅಜ್ಜಯ್ಯ ಕೇಳುತ್ತಿದ್ದರು.

"ಏನೂ ಅನ್ನೋದಿಲ್ಲ."

ನಿಜವಾಗಿಯೂ ಅವಳು ಏನೂ ಅನ್ನುತ್ತಿರಲಿಲ್ಲ. ಬೀದಿಯವರೆಲ್ಲ ಅವರದನ್ನು ಮಕ್ಕಳಿಲ್ಲದ ಮನೆ ಎಂದೇ ತಿಳಿದಿದ್ದರು. ಒಮ್ಮೆ ಅರಿಶಿನ ಕುಂಕುಮಕ್ಕೆ ಬಂದ ಹೊಸ ಸೊಸೆಯೊಬ್ಬಳು, "ನಿಮಗೆ ಮಕ್ಕಳಾಗಲೇ ಇಲ್ವೇನ್ರೀ ಅಮ್ಮಾ?" ಎಂದು ಕೇಳಿಬಿಟ್ಟಳು. ಹಾಲಮ್ಮ ಗಂಡನ ಕಡೆ ನೋಡಿದಳು. ಬಸಣ್ಣ ತಲೆ ತಗ್ಗಿಸಿ, ಕಾಗದದ ನಡುವೆ ಎಲೆಗಳನ್ನು ಒತ್ತಿಡುತ್ತಲೇ ಇದ್ದ.

ಕೂದಲು ನರೆತ ಮೇಲೆ ಅವನಿಗೆ ಅಸ್ಸಾಮಿನ ಆಚೆಯ ಗುಡ್ಡಗಳಿಗೆ ಹೋಗುವ ಅವಕಾಶ ಸಿಕ್ಕಿತು. ಅಂದು ನಡೆದು ಬಂದ ದಾರಿ ಗಡಿಯಾಚೆ ಇತ್ತು. ಈಚೆಯ ಇಳಿಜಾರಿನಲ್ಲಿ ಅಂಥದೇ ಕಾಡು.

ಅಲ್ಲಿ, ಮಳೆಯಲ್ಲಿ, ಅವನು ಒಂದು ಮರದ ಮೇಲೆ ಕೈ ಇಟ್ಟ. ಅಂಟು ಹತ್ತಿತು. ಬೆರಳು ಮೂಗಿಗೆ ಹಿಡಿದ. ಅದೇ ವಾಸನೆ. ಅಂದು ಎಷ್ಟು ತೊಳೆದರೂ ಉಗುರಿನ ಸಂದಿಯಿಂದ ಹೋಗದಿದ್ದ ವಾಸನೆ. ಅದು ಧೂಪದ ಮರ. ಘಟ್ಟದಲ್ಲಿ ಎಷ್ಟೋ ಸಲ ಅದರ ಪಕ್ಕದಲ್ಲೇ ಹಾದುಹೋಗಿದ್ದ, ಅಂಟನ್ನು ಮೂಸಿ ನೋಡಿರಲಿಲ್ಲ.

ಮರದ ಬುಡದಲ್ಲಿ ಕೂತವನು ಜೊತೆಯವರು ಕರೆದರೂ ಏಳಲಿಲ್ಲ.

ಊರಿಗೆ ಬಂದಾಗ ಹಾಲಮ್ಮ ಪಡಸಾಲೆಯಲ್ಲಿ ಕೂತು ಅಕ್ಕಿ ಕೇರುತ್ತಿದ್ದಳು.

"ಹಾಲಮ್ಮ, ಅದು ಧೂಪದ ಮರ."

"ಯಾವುದ್ರೀ?"

"ಅದೇ... ಅಲ್ಲಿ."

ಮೊರ ನಿಂತಿತು. "ಹೌದಾ," ಎಂದಳು.

ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಇನ್ನೇನೋ ಬರಲಿದೆ ಎನ್ನುವಂತೆ. ಬಸಣ್ಣ ಚಿಗುರೆಲೆ ಕೆಂಪಗಿರುತ್ತದೆ ಎಂದ. ಹೂ ಬಲು ಸಣ್ಣದು ಎಂದ. ಕಾಯಿ ಹೇಗಿರುತ್ತದೆ ಎಂಬುದನ್ನೂ ಹೇಳಿದ. ಹಾಲಮ್ಮ ಕೇಳುವಷ್ಟು ಕೇಳಿ, ಮೊರ ಎತ್ತಿಕೊಂಡು ಒಳಗೆ ಹೋದಳು.

ಬಸಣ್ಣ ಒಣಗಿದ ಕೊಂಬೆಯೊಂದನ್ನು ಹಿಡಿದು ಆಶ್ರಮಕ್ಕೆ ನಡೆದ. ಅಜ್ಜಯ್ಯ ಹಣ್ಣಾಗಿದ್ದರು. ಕಟ್ಟೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದರು.

"ಸಿಕ್ತು ಅಜ್ಜಯ್ಯ."

"ಮನೆಯಲ್ಲಿ ಹೇಳಿದೆಯಾ?"

"ಹೇಳಿದೆ. ಹೌದಾ ಅಂದು ಒಳಗೆ ಹೋದಳು." ಅವನು ಕೊಂಬೆಯನ್ನು ಅವರತ್ತ ಚಾಚಿದ. "ಒಂದು ಆಯುಷ್ಯವೆಲ್ಲ ಅಲೆದೆ. ಅವಳು ಕೇಳಿದ್ದಕ್ಕೇ ಅಲೆದೆ. ಉತ್ತರ ತಂದು ಕೊಟ್ಟೆ. ಒಂದು ಹನಿ ಕಣ್ಣೀರು ಹಾಕಲಿಲ್ಲ ಅವಳು. ಎಲ್ಲಿ ತಪ್ಪಿದೆ ನಾನು?"

ಅಜ್ಜಯ್ಯ ಕೊಂಬೆಯನ್ನು ಇಸಿದುಕೊಂಡರು. ಅದನ್ನು ನೋಡಲಿಲ್ಲ, ಪಕ್ಕಕ್ಕಿಟ್ಟರು. ಅವನ ಕೈ ಹಿಡಿದುಕೊಂಡರು.

"ಮರದ ಹೆಸರು ಹೇಳಿದೆ, ಸರಿ. ಮಗಳ ಹೆಸರನ್ನ ಅವಳ ಮುಂದೆ ಹೇಳಿ ಎಷ್ಟು ವರ್ಷ ಆಯ್ತಪ್ಪ?"