ಹಕ್ಕಿಗಳ ನಾತ, ಕುನುಕನ ಹೊಗೆ

ಉತ್ತರ ಧ್ರುವದ ಹತ್ತಿರ, ಕಡಲ ದಡದ ಹಳ್ಳಿಯೊಂದರಲ್ಲಿ ಕುನುಕ್ ಎಂಬ ಬೇಟೆಗಾರನಿದ್ದ. ಅಲ್ಲಿಯ ಜನ ಚಳಿಗಾಲದಲ್ಲಿ ಹಿಡಿದ ಸೀಲ್ ಎಂಬ ಕಡಲ ಪ್ರಾಣಿಯ ಮಾಂಸವನ್ನು ನೆಲದ ಗುಂಡಿಯಲ್ಲಿಟ್ಟು, ಮೇಲೆ ಹಿಮ ಒಟ್ಟುತ್ತಾರೆ. ಅದೇ ಬೇಸಿಗೆಯ ಊಟ. ಹಿಮ ಕರಗಿದರೆ ಮಾಂಸ ಕೊಳೆಯುತ್ತದೆ, ಮನೆಮಂದಿಗೆಲ್ಲ ಉಪವಾಸವೇ ಗತಿ.

ಚಳಿಗಾಲ ಮುಗಿದದ್ದೇ ತಡ, ಊರ ಪಕ್ಕದ ಬಂಡೆಗೆ ಸಾವಿರಾರು ಕಡಲಹಕ್ಕಿಗಳು ಬಂದಿಳಿದವು. ಹಿಕ್ಕೆಯ ನಾತ ಕೇಳಬೇಕೆ! ಕುನುಕನ ಮೂಗು ಮೊದಲೇ ಬಲು ನಾಜೂಕು. "ಈ ಹೊಲಸು ಹಕ್ಕಿಗಳನ್ನ ಓಡಿಸದೆ ಬಿಡೋದಿಲ್ಲ" ಎಂದು ತನ್ನ ಗುಂಡಿಯ ಪಕ್ಕದಲ್ಲೇ ತಗಡಿನ ಡ್ರಮ್ಮು ಇಟ್ಟ. ಅದರೊಳಗೆ ದೋಣಿಯ ಹಳೇ ಎಂಜಿನ್ ಎಣ್ಣೆ ಸುರಿದು ದಿನವೂ ಬೆಂಕಿ ಹಚ್ಚಿದ. ಕರೀ ಹೊಗೆ ಅವನ ಮನೆಯ ಸುತ್ತೆಲ್ಲ ಕವಿಯಿತು. ಹಕ್ಕಿಗಳು ಮಾತ್ರ ಕದಲಲಿಲ್ಲ.

ಕೆಲವೇ ದಿನಗಳಲ್ಲಿ ಅವನ ಗುಂಡಿಯ ಮೇಲಿನ ಹಿಮ ತೆಳುವಾಗಿ, ನೀರು ಒಳಗೆ ಜಿನುಗತೊಡಗಿತು. ಕುನುಕ್ ಎದ್ದೆನೋ ಬಿದ್ದೆನೋ ಎಂದು ಅಕ್ಕ ನಾಯಾಳ ಮನೆಗೆ ಓಡಿದ. ನಾಯಾ ಊರ ಶಾಲೆಯ ಮೇಡಂ.

"ಅಕ್ಕಾ, ಆ ಹಾಳು ಹಕ್ಕಿಗಳು ನನ್ನ ಹಿಮವನ್ನೂ ಕರಗಿಸಿಬಿಟ್ಟವು!"

ನಾಯಾ ಎದ್ದು ಹೊರಗೆ ಹೋದಳು. ತನ್ನ ಗುಂಡಿಯ ಮೇಲಿಂದ ಒಂದು ಬೊಗಸೆ, ಅವನ ಗುಂಡಿಯ ಮೇಲಿಂದ ಒಂದು ಬೊಗಸೆ ಹಿಮ ತಂದು, ಎರಡು ಬಟ್ಟಲುಗಳಲ್ಲಿ ಹಾಕಿ ಬಿಸಿಲಿಗಿಟ್ಟು, ಚಹಾ ಮಾಡಿದಳು. ಇಬ್ಬರೂ ಕುಡಿದು ಮುಗಿಸುವಷ್ಟರಲ್ಲಿ ಕುನುಕನ ಹಿಮ ನೀರಾಗಿ, ತಳದಲ್ಲಿ ಮಸಿ ಕೂತಿತ್ತು. ನಾಯಾಳ ಹಿಮ ಇನ್ನೂ ಬೆಳ್ಳಗೆ ಗುಪ್ಪೆಯಾಗಿತ್ತು.

"ಬಿಳೀ ಹಿಮ ಬಿಸಿಲನ್ನ ವಾಪಸ್ ಕಳಿಸುತ್ತೆ ಕಣೋ. ಮಸಿ ಕೂತರೆ ಬಿಸಿಲನ್ನೆಲ್ಲ ನುಂಗುತ್ತೆ. ಇದು ನಿನ್ನ ಡ್ರಮ್ಮಿನದೇ ಕೆಲಸ."

"ಹಾಗಾದ್ರೆ ಹಕ್ಕಿಗಳು?"

"ಆ ನಾತ ಕಡಲ ಗಾಳಿ ಜೊತೆ ಸೇರಿ ಕಣ್ಣಿಗೆ ಕಾಣದ ಕಣಗಳಾಗುತ್ತೆ. ಅಂಥ ಕಣಗಳ ಸುತ್ತಲೇ ಮೋಡ ಕಟ್ಟೋದು. ಬೇಸಿಗೆಯಲ್ಲಿ ನಮ್ಮ ಗುಂಡಿಗಳಿಗೆ ಮೋಡವೇ ನೆರಳು."

ಕುನುಕ್ ಪೆಚ್ಚಾದ. ಓಡಿಹೋಗಿ ಬೆಂಕಿ ಆರಿಸಿದ. ಅಕ್ಕ ತಮ್ಮ ಸೇರಿ ಮಸಿ ಹಿಮ ಕೆರೆದು ಎಸೆದು, ದೂರದಿಂದ ಬಿಳೀ ಹಿಮ ಎಳೆದು ತಂದು ಒಟ್ಟಿದರು. ಮಾಂಸ ಉಳಿಯಿತು.

ದಣಿದು ಕೂತಿದ್ದಾಗ ಹಕ್ಕಿಯೊಂದು ಹಾರುತ್ತಾ ಬಂದು ಸರಿಯಾಗಿ ಕುನುಕನ ಟೋಪಿಯ ಮೇಲೆ ಹಿಕ್ಕೆ ಹಾಕಿತು.

"ಹಾಕು ತಾಯಿ, ಹಾಕು! ನನ್ನ ಮನೆ ಊಟ ಕಾಯೋಳು ನೀನೇ!" ಎಂದ ಕುನುಕ್. ನಾಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನೀತಿ: ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದವರ ಎಲೆಯ ನೊಣ ತೋರಿಸಬಾರದು. ಮೂಗಿಗೆ ಹಿಡಿಸದ್ದೆಲ್ಲ ಕೆಟ್ಟದ್ದಲ್ಲ ಮಕ್ಕಳೇ. ಇನ್ನೊಬ್ಬರನ್ನು ದೂರುವ ಮೊದಲು, ನಮ್ಮ ಹೊಗೆ ಎಲ್ಲಿ ಹೋಗಿ ಕೂರುತ್ತಿದೆ ಎಂದು ನೋಡಿಕೊಳ್ಳಬೇಕು.