ಸೆರೆಯವನಿಗೆ ಮೊದಲ ನೀರು

ಒಂದು ಕಾಡಿನಲ್ಲಿ ಬೇಸಿಗೆ ಬಂತೆಂದರೆ ಒಂದೇ ಒಂದು ಮಡುವಿನಲ್ಲಿ ನೀರು ಉಳಿಯುತ್ತಿತ್ತು. ಆ ಮಡು ನಮ್ಮದು ಎಂದವು ಹಂದಿಗಳು. ನಿಮ್ಮಪ್ಪ ತೋಡಿಸಿದ್ದೋ ಎಂದವು ಕರಡಿಗಳು. ಮಾತಿಗೆ ಮಾತು ಬೆಳೆದು ಯುದ್ಧವೇ ಹತ್ತಿಕೊಂಡಿತು. ಮೂರು ದಿನ ಕೋರೆಗೂ ಬಿಡುವಿಲ್ಲ, ಪಂಜಕ್ಕೂ ಬಿಡುವಿಲ್ಲ. ಕೊನೆಗೆ ಹಂದಿಗಳು ಮಡುವನ್ನು ಗೆದ್ದವು. ಕರಡಿಗಳು ಗುಡ್ಡದ ಮೇಲಿನ ತಮ್ಮ ಗವಿಗೆ ಹಿಂದಿರುಗಿದವು.

ಹಂದಿಗಳ ನಾಯಕನ ಹೆಸರು ಬಿಳಿಗೋರೆ. ವಯಸ್ಸಾಗಿತ್ತು, ಒಂದು ಕಿವಿ ಹರಿದಿತ್ತು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಪಾಪ, ಗೆದ್ದರೂ ಅವನಿಗೆ ಸಂತೋಷವಿರಲಿಲ್ಲ. ಅವನ ಒಬ್ಬಳೇ ಮಗಳು ಕಿಡಿ ಯುದ್ಧದಲ್ಲಿ ಕರಡಿಗಳಿಗೆ ಸೆರೆಸಿಕ್ಕಿದ್ದಳು. ಹಂದಿಗಳ ಕೈಯಲ್ಲೂ ಒಬ್ಬ ಸೆರೆಯಾಳಿದ್ದ. ಅವನು ದೂಮ, ಕರಡಿಗಳ ನಾಯಕಿ ಗವಿಯಮ್ಮನ ಒಡಹುಟ್ಟಿದ ತಮ್ಮ. ಕಾಲಿಗೆ ಪೆಟ್ಟು ಬಿದ್ದು ಓಡಲಾಗದೆ ಸಿಕ್ಕಿಬಿದ್ದಿದ್ದ.

ಹಂದಿಗಳ ಕುಲಕ್ಕೆ ಅಜ್ಜ ಮುತ್ತಜ್ಜರ ಕಾಲದಿಂದ ಎರಡು ಕಟ್ಟಳೆಗಳಿದ್ದವು. ಒಂದು, ನೆಲಕ್ಕೆ ಬಿದ್ದವನ ಮೇಲೆ ಕೋರೆ ಎತ್ತಬಾರದು. ಇನ್ನೊಂದು, ಸೆರೆಯವನು ನೀರು ಕುಡಿಯುವ ತನಕ ಗೆದ್ದ ಯೋಧರು ನೀರಿಗೆ ಬಾಯಿ ಹಾಕಬಾರದು.

ಬಿಳಿಗೋರೆ ದೂಮನನ್ನು ಮಡುವಿನ ದಡಕ್ಕೆ ಕರೆದುಕೊಂಡು ಬಂದ.

"ಕುಡಿಯಪ್ಪ" ಎಂದ.

"ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ? ವಿಷ ಬೆರೆಸಿರುತ್ತೀರಿ!"

"ಅಯ್ಯೋ ಮಾರಾಯ! ಇಡೀ ಮಡುವಿಗೆ ವಿಷ ಬೆರೆಸಿದರೆ ನಾವೇನು ಕುಡಿಯೋದು?"

"ಅದೆಲ್ಲ ನನಗೆ ಬೇಡ. ಹಗೆಯ ನೀರು ನಾನು ಮುಟ್ಟುವುದಿಲ್ಲ" ಎಂದು ದೂಮ ಮುಖ ತಿರುಗಿಸಿ ಕುಳಿತುಬಿಟ್ಟ.

ಮರಿಗಳೂ ಮುದುಕರೂ ಕುಡಿದರು. ಅವರಿಗೆ ಆ ಕಟ್ಟಳೆ ಇರಲಿಲ್ಲ. ಕಾದಾಡಿದ ಹಂದಿಗಳು ಮಾತ್ರ ಹಾಗೇ ನಿಂತವು. ಬಿಸಿಲು ನೆತ್ತಿಗೇರಿತು. ಮೂರು ದಿನ ಹೋರಾಡಿದ ಮೈ, ಒಣಗಿದ ಗಂಟಲು, ಮೂಗಿನ ಮುಂದೆಯೇ ತಣ್ಣನೆಯ ನೀರು! ಆದರೂ ಒಂದು ಹಂದಿಯೂ ಮೂತಿ ಬಗ್ಗಿಸಲಿಲ್ಲ. ಒಬ್ಬ ಎಳೆಯ ಯೋಧ ತಲೆ ತಿರುಗಿ ಧೊಪ್ಪನೆ ಬಿದ್ದ.

ದೂಮ ಓರೆಗಣ್ಣಿನಿಂದ ನೋಡಿದ. "ನೀವ್ಯಾಕೆ ಕುಡಿಯುತ್ತಿಲ್ಲ?" ಎಂದು ಕೇಳಿದ.

"ನೀನು ಕುಡಿದಿಲ್ಲವಲ್ಲ!" ಎಂದು ಬಿಳಿಗೋರೆ ಗದರಿದ. "ನಾವು ಗೆದ್ದಿರೋದು ಮಡುವನ್ನು, ನಿನ್ನ ಮಾನವನ್ನಲ್ಲ. ಕುಡಿಯಯ್ಯಾ ಬೇಗ, ಜೀವ ಹೋಗ್ತಾ ಇದೆ ಇಲ್ಲಿ!"

ದೂಮನಿಗೆ ನಾಚಿಕೆಯಾಯಿತು. ಅವನ ಕಣ್ಣು ತುಂಬಿತು. ಕುಂಟುತ್ತಾ ಹೋಗಿ ನಾಲ್ಕು ಗುಟುಕು ಕುಡಿದ. ಅವನು ತಲೆ ಎತ್ತಿದ್ದೇ ತಡ, ಹಂದಿಗಳೆಲ್ಲ ದಬದಬನೆ ನೀರಿಗೆ ಬಿದ್ದವು.

ಇದನ್ನೆಲ್ಲ ಪೊದೆಯ ಮರೆಯಲ್ಲಿ ನಿಂತು ಒಬ್ಬ ನೋಡುತ್ತಿದ್ದ. ಅವನು ಗುರ್ಕ ಎಂಬ ಕತ್ತೆಕಿರುಬ. ಸತ್ತ ಪ್ರಾಣಿಗಳನ್ನು ತಿಂದು ಬದುಕುವವನಿಗೆ ಯುದ್ಧವೆಂದರೆ ಹಬ್ಬ. "ಎಲಾ ಇವುಗಳಾ! ಹಗೆಗೆ ನೀರು ಕುಡಿಸಿ ಉಪಚಾರ ಮಾಡ್ತಿವೆಯಲ್ಲ! ಹೀಗಾದರೆ ನನ್ನ ಹೊಟ್ಟೆಯ ಗತಿಯೇನು?" ಎಂದು ಗೊಣಗಿಕೊಂಡು ಗುಡ್ಡದ ಕಡೆ ಓಡಿದ.

ಸ್ವಲ್ಪ ಹೊತ್ತಿನಲ್ಲೇ ಅತ್ತುಕೊಂಡು ಮಡುವಿನ ಬಳಿಗೆ ಬಂದ. "ಅಯ್ಯೋ ನಾಯಕರೇ, ಹೇಗೆ ಹೇಳಲಿ! ಕರಡಿಗಳು ನಿಮ್ಮ ಕಿಡಿಯನ್ನು ಕೊಂದುಬಿಟ್ಟವು. ನಾನೇ ಕಣ್ಣಾರೆ ಕಂಡೆ!"

ಅದು ಹಸಿ ಸುಳ್ಳು. ಆದರೆ ಬಿಳಿಗೋರೆಗೆ ಅದು ಹೇಗೆ ತಿಳಿಯಬೇಕು? ಅವನ ಕಣ್ಣು ಕತ್ತಲಿಟ್ಟಿತು. "ಕೊಲ್ಲಿ ಆ ಕರಡಿಯನ್ನು!" ಎಂದು ಹಂದಿಗಳು ಕೂಗಿದವು. ಬಿಳಿಗೋರೆ ಹೂಂಕರಿಸಿ ನುಗ್ಗಿ ದೂಮನನ್ನು ಕೆಡವಿ ಅವನ ಕತ್ತಿಗೆ ಕೋರೆ ಹಿಡಿದ.

ದೂಮ ಕೊಸರಾಡಲಿಲ್ಲ. "ನಾಯಕನೇ, ನನ್ನಕ್ಕ ಅಂಥವಳಲ್ಲ" ಎಂದ. "ನನ್ನನ್ನು ಒಮ್ಮೆ ಗವಿಗೆ ಕಳಿಸು. ನಿನ್ನ ಮಗಳು ಬದುಕಿದ್ದರೆ ಕರೆದುಕೊಂಡು ಬರುತ್ತೇನೆ. ಇಲ್ಲದಿದ್ದರೆ ಹೊತ್ತು ಮುಳುಗುವುದರೊಳಗೆ ನಾನೇ ಬಂದು ಕತ್ತು ಕೊಡುತ್ತೇನೆ. ಇದು ನನ್ನ ಮಾತು."

ಗುರ್ಕ ಹಿಹ್ಹಿಹ್ಹಿ ಎಂದು ನಕ್ಕ. "ಬಿಟ್ಟ ಕರಡಿ ತಿರುಗಿ ಬಂದದ್ದುಂಟೇ? ಕಟ್ಟಳೆಯಂತೆ ಕಟ್ಟಳೆ! ಬಿದ್ದವನನ್ನು ಕೊಲ್ಲಬಾರದು ಅನ್ನೋದು ಹೇಡಿಗಳ ಮಾತು. ಚುಚ್ಚಿ ನಾಯಕರೇ, ಚುಚ್ಚಿ!"

ಬಿಳಿಗೋರೆಯ ಕೋರೆ ದೂಮನ ಕತ್ತಿನ ಮೇಲೇ ಇತ್ತು. ಒಂದು ತಿವಿತ, ಅಷ್ಟೇ ಬೇಕಾಗಿದ್ದದ್ದು. ಆದರೆ ದೂಮನ ಮೂತಿಯ ಕೂದಲಿನಲ್ಲಿ ಮಡುವಿನ ನೀರು ಇನ್ನೂ ಆರಿರಲಿಲ್ಲ. ಅವನು ಕುಡಿದ ಮೇಲೆಯೇ ತಾನೂ ಕುಡಿದದ್ದು. 'ಕರಡಿಗಳು ತಪ್ಪಿದ್ದರೆ ಅದು ಅವರ ಪಾಪ. ನಾನೂ ತಪ್ಪಿದರೆ ನನ್ನ ಮಗಳು ಯಾವ ಕುಲಕ್ಕಾಗಿ ಹೋರಾಡಿದಳೋ ಆ ಕುಲದ ಮಾನ ಎಲ್ಲುಳಿಯಿತು?' ಎಂದುಕೊಂಡ. ಕೋರೆಯನ್ನು ಹಿಂದಕ್ಕೆ ತೆಗೆದ.

"ಹೋಗು" ಎಂದ. ಅಷ್ಟು ಹೇಳಲು ಅವನಿಗೆ ಮೂರು ಸಲ ಉಸಿರೆಳೆಯಬೇಕಾಯಿತು.

ದೂಮ ಕುಂಟುತ್ತಾ ಹೊರಟ. ಗುರ್ಕನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ನನಗೂ ಸ್ವಲ್ಪ ಕೆಲಸವಿತ್ತು" ಎಂದು ಮೆಲ್ಲಗೆ ಜಾರಲು ನೋಡಿದ.

"ಕಣ್ಣಾರೆ ಕಂಡವನು ನೀನೊಬ್ಬನೇ. ಅವನು ಬರುವ ತನಕ ಇಲ್ಲೇ ಇರು" ಎಂದು ಬಿಳಿಗೋರೆ ತಡೆದ. ಎರಡು ಹಂದಿಗಳು ಗುರ್ಕನ ಎಡಬಲಕ್ಕೆ ನಿಂತವು.

ಹೊತ್ತು ಇಳಿಯುತ್ತಾ ಬಂತು. ಕೈಗೆ ಸಿಕ್ಕಿದ್ದನ್ನು ಬಿಟ್ಟುಕೊಟ್ಟನಲ್ಲ ಮುದುಕ ಎಂದು ಹಂದಿಗಳು ಗುಸುಗುಸು ಮಾತಾಡಿಕೊಂಡವು. ಬಿಳಿಗೋರೆ ಕೇಳಿಯೂ ಕೇಳದವನಂತೆ ಗುಡ್ಡದ ದಾರಿಯನ್ನೇ ನೋಡುತ್ತಾ ನಿಂತ. ಅವನಿಗೆ ಅನುಮಾನ ಬರಲಿಲ್ಲವೆಂದಲ್ಲ, ಬಂತು. ಮಗಳು ಮರಿಯಾಗಿದ್ದಾಗ ಇದೇ ಮಡುವಿನ ಕೆಸರಲ್ಲಿ ಹೊರಳಾಡಿದ್ದು ನೆನಪಾಗಿ ಅಳುವೂ ಬಂತು.

ಸೂರ್ಯ ಮತ್ತಿಮರದ ಹಿಂದೆ ಸರಿದ. ಆಗ ಗುಡ್ಡದ ದಾರಿಯಲ್ಲಿ ಧೂಳೆದ್ದಿತು.

"ಅಪ್ಪಾ!"

ಕಿಡಿ! ಕಿಡಿಯೇ! ಬಾಣದ ಹಾಗೆ ಓಡಿ ಬಂದು ಅಪ್ಪನ ಎದೆಗೆ ಗುದ್ದಿದಳು. ಮುದಿ ಹಂದಿ ಎಲ್ಲರೆದುರು ಗೊಳೋ ಎಂದು ಅತ್ತಿತು. ಹಿಂದೆಯೇ ದೂಮ ಬಂದ, ಅವನಿಗೆ ಹೆಗಲು ಕೊಟ್ಟುಕೊಂಡು ಗವಿಯಮ್ಮ ಬಂದಳು, ಅವಳ ಹಿಂದೆ ಕರಡಿಗಳೆಲ್ಲ ಬಂದವು.

ಗವಿಯಮ್ಮ ಏದುಸಿರು ಬಿಡುತ್ತಾ ಹೇಳಿದಳು: "ಬಿಳಿಗೋರೆಯಣ್ಣ, ನೀನು ನನ್ನ ತಮ್ಮನನ್ನು ಕೊಂದೆ ಅಂತ ಈ ಗುರ್ಕ ನನ್ನ ಗವಿಗೂ ಬಂದು ಹೇಳಿದ. ನಮ್ಮಲ್ಲಿ ಸತ್ತವರಿಗಾಗಿ ಅತ್ತು ಮುಗಿಸುವ ತನಕ ಯಾರ ಮೇಲೂ ಕೈ ಎತ್ತುವ ಹಾಗಿಲ್ಲ. ಅತ್ತು ಮುಗಿಸಿದೆ. ನಿನ್ನ ಮಗಳ ಮೇಲೆ ಪಂಜ ಎತ್ತಿದೆ. ಆಗ ಗವಿಯ ಬಾಗಿಲಲ್ಲಿ 'ಅಕ್ಕಾ' ಎಂಬ ದನಿ ಕೇಳಿತು. ನೀನು ಇವನನ್ನು ಕೊಂದಿದ್ದರೆ ಆ ದನಿ ಕೇಳುತ್ತಿರಲಿಲ್ಲ. ನಿನ್ನ ಮಗಳೂ ಉಳಿಯುತ್ತಿರಲಿಲ್ಲ."

ಎಲ್ಲರ ಕಣ್ಣೂ ಗುರ್ಕನ ಕಡೆ ತಿರುಗಿತು. ಅವನು ಕಾಲಿಗೆ ಬುದ್ಧಿ ಹೇಳಿದ. ಕಿಡಿ ಅಡ್ಡ ನುಗ್ಗಿ ಒಂದು ಗುದ್ದು ಕೊಟ್ಟಳು. ಗುರ್ಕ ಅಂಗಾತ ಬಿದ್ದು ಕಿರುಚಿದ: "ಬಿದ್ದಿದ್ದೇನೆ! ನೆಲಕ್ಕೆ ಬಿದ್ದಿದ್ದೇನೆ! ಬಿದ್ದವನ ಮೇಲೆ ಕೋರೆ ಎತ್ತಬಾರದು! ಕಟ್ಟಳೆ ಇದೆಯಲ್ಲ ನಾಯಕರೇ, ಕಟ್ಟಳೆ!"

"ಓಹೋ! ಈಗ ನೆನಪಾಯಿತೋ ಕಟ್ಟಳೆ?" ಎಂದ ಬಿಳಿಗೋರೆ. ಸಿಟ್ಟಿನಿಂದ ಅವನ ಕೋರೆ ಅದುರುತ್ತಿತ್ತು. ಆದರೂ ಎರಡು ಹೆಜ್ಜೆ ಹಿಂದೆ ಸರಿದು ನಿಂತ. "ಕಟ್ಟಳೆ ಎಲ್ಲರಿಗೂ ಒಂದೇ. ನಿನ್ನಂಥವನಿಗೂ ಅದೇ. ಏಳು. ಮೊದಲ ನೀರು ನಿನ್ನದು, ಕುಡಿ."

ಗುರ್ಕ ತೆವಳಿಕೊಂಡು ಮಡುವಿಗೆ ಹೋದ. ಒಂದು ಕಡೆ ಹಂದಿಗಳು, ಇನ್ನೊಂದು ಕಡೆ ಕರಡಿಗಳು. ಬಾಯಾರಿ ಬಂದ ಕರಡಿಗಳೂ ಅವನು ಕುಡಿಯಲೆಂದು ಕಾದು ನಿಂತವು. ಆ ಒಂದು ಗುಟುಕು ಅವನ ಗಂಟಲಲ್ಲಿ ಇಳಿಯಲೊಲ್ಲದು. ಹೇಗೋ ನುಂಗಿ, ಬಾಲ ಮುದುರಿಕೊಂಡು ಕಾಡಿನಾಚೆಗೆ ಹೋದ. ಯಾರೂ ಅಟ್ಟಿಸಿಕೊಂಡು ಹೋಗಲಿಲ್ಲ. ಆ ಕಾಡಿನಲ್ಲಿ ಮತ್ತೆ ಮುಖ ತೋರಿಸುವ ಧೈರ್ಯವೂ ಅವನಿಗೆ ಬರಲಿಲ್ಲ.

ಬಿಳಿಗೋರೆ ಗವಿಯಮ್ಮನಿಗೆ ದಾರಿ ಬಿಟ್ಟು, "ಈಗ ನೀವು ಕುಡಿಯಿರಿ" ಎಂದ.

"ಗೆದ್ದವರು ನೀವಲ್ಲವೇ?" ಎಂದಳು ಗವಿಯಮ್ಮ.

"ಅದಕ್ಕೇ ಹೇಳ್ತಾ ಇರೋದು, ಕುಡಿಯಮ್ಮ!"

ಆ ಬೇಸಿಗೆಯಿಂದ ಬೆಳಿಗ್ಗೆ ಕರಡಿಗಳು, ಸಂಜೆ ಹಂದಿಗಳು ಅದೇ ಮಡುವಿನಲ್ಲಿ ನೀರು ಕುಡಿಯತೊಡಗಿದವು.

ನೀತಿ: ಕೈಗೆ ಸಿಕ್ಕ ಹಗೆಯ ಮಾನ ಕಾಯುವವನೇ ನಿಜವಾದ ವೀರ; ಆ ಧರ್ಮ ಕೊನೆಗೆ ಅವನ ಮನೆಯನ್ನೇ ಕಾಯುತ್ತದೆ.