ಬೂದವ್ವನ ಮರಿಯೂ ಬೆಳಕಿಂಡಿ ಮೇಲಿನ ಹರವಿಯೂ

ಹೂಂ ಅನ್ನಿ ಮಕ್ಕಳೇ. ನೀವು ಹೂಂ ಅಂದರೆ ಕಥೆ ನಡೆಯುತ್ತೆ. ಅನ್ನದಿದ್ದರೆ ಅಲ್ಲೇ ಕೂತುಬಿಡುತ್ತೆ.

ಒಂದು ಊರು. ಊರ ತುಂಬ ಮಣ್ಣಿನ ಮಾಳಿಗೆ ಮನೆಗಳು. ಒಂದೊಂದು ಮಾಳಿಗೆಗೂ ನಡುವೆ ಒಂದು ತೂತು. ಅದರ ಹೆಸರು ಬೆಳಕಿಂಡಿ. ಅದರಲ್ಲಿ ಬೆಳಕು ಒಳಗೆ ಬರುತ್ತೆ. ಅದರಲ್ಲೇ ಹೊಗೆ ಹೊರಗೆ ಹೋಗುತ್ತೆ. ಮಳೆ ಬಂದರೆ ಅದರ ಮೇಲೆ ಗಡಿಗೆ ಬೋರಲು ಹಾಕುತ್ತಾರೆ. ಮಳೆ ನಿಂತರೆ ಗಡಿಗೆ ತೆಗೆಯುತ್ತಾರೆ.

ಆ ವರ್ಷ ಏನಾಯಿತು? ಮಳೆ ನಿಂತಿತು. ಚಳಿ ಬಂತು. ಎಂಥ ಚಳಿ! ಹಲ್ಲು ಕಟಕಟ, ಮೈ ಗಡಗಡ. ಗಡಿಗೆಯನ್ನು ಯಾರೂ ತೆಗೆಯಲೇ ಇಲ್ಲ!

ಆ ಊರಲ್ಲಿ ನಿಂಬೆವ್ವಜ್ಜಿ ಇದ್ದಳು. ಅವಳದು ಗಡಿಗೆ ಅಲ್ಲ, ಹರವಿ. ಎರಡು ಕೊಡ ನೀರು ಹಿಡಿಯುವ ದೊಡ್ಡ ಹರವಿ. ಅದನ್ನು ಬೆಳಕಿಂಡಿ ಮೇಲೆ ಬೋರಲು ಹಾಕಿದ್ದಳು. ಸಾಲದು ಅಂತ ಅದರ ಮೇಲೊಂದು ಗುಂಡುಕಲ್ಲು ಹೇರಿದ್ದಳು. ಬಾಗಿಲು ಹಾಕಿ, ಹಸಿ ಜಾಲಿ ಕಟ್ಟಿಗೆ ಹೊತ್ತಿಸಿ, ಮುಂದೆ ಕೂತಳು.

"ಆಹಾ, ಬೆಚ್ಚಗೈತಿ. ಖೊಕ್! ಖೊಕ್!" ಅಂದಳು.

ಅಜ್ಜಿಯ ಮನೆಯಲ್ಲೇ ಬೂದವ್ವ ಕೋಳಿ ಇದ್ದಳು. ಬೂದವ್ವನಿಗೆ ಒಂದೇ ಮರಿ. ಚಳಿಗೆ ಸತ್ತೀತು ಅಂತ ಅಜ್ಜಿ ಅದನ್ನು ಒಲೆಯ ಪಕ್ಕ ಬುಟ್ಟಿ ಕೆಳಗೆ ಮುಚ್ಚಿದ್ದಳು. ದಿನಾ ಬೆಳಿಗ್ಗೆ ಅದು "ಚಿಂವ್! ಚಿಂವ್!" ಅನ್ನುತ್ತಿತ್ತು.

ಒಂದು ಬೆಳಿಗ್ಗೆ ಬೂದವ್ವ ಬುಟ್ಟಿಯೊಳಗೆ ಇಣುಕಿದಳು. ಮರಿ ಕೊಕ್ಕು ತೆರೆಯಿತು. ಚಿಂವ್ ಬರಲಿಲ್ಲ. ಮತ್ತೆ ತೆರೆಯಿತು. ಚಿಂವ್ ಬರಲಿಲ್ಲ. ಕತ್ತು ವಾಲಿಸಿ ಮಲಗಿಬಿಟ್ಟಿತು.

"ಅಯ್ಯಯ್ಯೋ! ನನ್ನ ಮರಿಯ ಚಿಂವ್ ಎಲ್ಲಿ ಹೋಯಿತು?" ಅಂತ ಬೂದವ್ವ ರೆಕ್ಕೆ ಬಡಿದಳು.

ಸುತ್ತ ನೋಡಿದಳು. ಹೊಗೆ. ಮೇಲೆ ನೋಡಿದಳು. ಹೊಗೆ. ಅಜ್ಜಿಯ ಮುಖವೇ ಕಾಣದಷ್ಟು ಹೊಗೆ!

ಬಾಗಿಲ ಸಂದಿಯಲ್ಲಿ ನುಸುಳಿ ಬೂದವ್ವ ಹೊರಗೆ ಓಡಿದಳು. ಏಣಿ ಹತ್ತಿದಳು. ಹರವಿಯನ್ನು ನೂಕಿದಳು. ಅಲ್ಲಾಡಲಿಲ್ಲ. ಎದೆ ಕೊಟ್ಟು ನೂಕಿದಳು. ಅಲ್ಲಾಡಲೇ ಇಲ್ಲ. ಇಳಿದು ಅಜ್ಜಿಯ ಹತ್ತಿರ ಬಂದಳು.

"ಹರವಿ ಇಳಿಸ, ಅಜ್ಜಿ!
ಹರವಿ ಇಳಿದ್ರ ಹೊಗಿ ಹೋಗತೈತಿ.
ಹೊಗಿ ಹೋದ್ರ ನನ್ನ ಮರಿ ಚಿಂವ್ ಅಂತೈತಿ!"

ಅಜ್ಜಿ ಹೌಹಾರಿದಳು. "ಹಾಂ! ಚಿಂವ್ ಅನ್ನವಲ್ದ? ಅಯ್ಯ ನನ್ನ ಶಿವನ! ಪಾಪ, ಪಾಪ!"

ಆಮೇಲೆ ಸೆರಗು ಬಿಗಿದುಕೊಂಡಳು. "ಆದ್ರ ನಾ ಒಲ್ಲೆ. ಹರವಿ ಇಳಿಸಿದ್ರ ಥಂಡಿ ಬರತೈತಿ. ನನಗ ಹೊದಿಯಾಕ ಕೌದಿ ಇಲ್ಲ. ಹುಲಿಗೆವ್ವ ಹೊಲಿಯಾಕ ಹತ್ಯಾಳ. ಕೌದಿ ತಾ, ಹರವಿ ಇಳಿಸ್ತೀನಿ."

ಓಡಿದಳು ಬೂದವ್ವ. ಕೌದಿ ಹೊಲಿಯುವ ಹುಲಿಗೆವ್ವನ ಮನೆಗೆ ಬಂದಳು.

"ಕೌದಿ ಕೊಡ, ಯಕ್ಕಾ!
ಕೌದಿ ಬಂದ್ರ ಹರವಿ ಇಳೀತೈತಿ.
ಹರವಿ ಇಳಿದ್ರ ಹೊಗಿ ಹೋಗತೈತಿ.
ಹೊಗಿ ಹೋದ್ರ ನನ್ನ ಮರಿ ಚಿಂವ್ ಅಂತೈತಿ!"

ಹುಲಿಗೆವ್ವನ ಕೈಯಿಂದ ಸೂಜಿ ಬಿತ್ತು. "ಹಾಂ! ಚಿಂವ್ ಅನ್ನವಲ್ದ? ಯವ್ವಾ ಯವ್ವಾ! ಪಾಪ, ಪಾಪ! ಆದ್ರ ನಾ ಒಲ್ಲೆ. ಮೂರು ಮೂಲಿ ಹೊಲದೀನಿ, ಒಂದು ಮೂಲಿ ಉಳದೈತಿ. ಹಸಿ ಕಟಿಗಿ ಹೊಗಿಗೆ ಕಣ್ಣಾಗ ಬರೇ ನೀರು. ಸೂಜಿಗೆ ದಾರಾನ ಹೋಗವಲ್ದು. ಬಡಿಗೇರ ಮೌನಪ್ಪನ ಹಂತ್ಯಾಕ ಒಣ ಕಟಿಗಿ ಐತಿ. ತಾ, ಹೊಲೀತೀನಿ."

ಬೂದವ್ವ ಮೇಲೆ ನೋಡಿದಳು. ಅಯ್ಯೋ! ಇಲ್ಲೂ ಬೆಳಕಿಂಡಿ ಕತ್ತಲೆ. ಇಲ್ಲೂ ಗಡಿಗೆ ಬೋರಲು!

ಓಡಿದಳು ಬೂದವ್ವ. ಬಡಿಗೇರ ಮೌನಪ್ಪನ ಮನೆಗೆ ಬಂದಳು.

"ಕಟಿಗಿ ಕೊಡ, ಕಾಕಾ!
ಕಟಿಗಿ ಬಂದ್ರ ಕೌದಿ ಬರತೈತಿ.
ಕೌದಿ ಬಂದ್ರ ಹರವಿ ಇಳೀತೈತಿ.
ಹರವಿ ಇಳಿದ್ರ ಹೊಗಿ ಹೋಗತೈತಿ.
ಹೊಗಿ ಹೋದ್ರ ನನ್ನ ಮರಿ ಚಿಂವ್ ಅಂತೈತಿ!"

ಮೌನಪ್ಪ ಬಾಯಿ ಮೇಲೆ ಕೈ ಇಟ್ಟುಕೊಂಡ. "ಹಾಂ! ಚಿಂವ್ ಅನ್ನವಲ್ದ? ಹೌದಾ? ಖರೇನಾ? ಪಾಪ, ಪಾಪ! ಆದ್ರ ನಾ ಒಲ್ಲೆ. ಒಣ ಬೇವಿನ ಬೊಡ್ಡಿ ಅಲ್ಲೇ ಬಿದ್ದೈತಿ ನೋಡು. ಸೀಳೂದು ಹ್ಯಾಂಗ? ಕೊಡ್ಲಿ ಮೊಂಡ ಆಗೈತಿ. ಕಂಬಾರ ಸಣ್ಣೀರಪ್ಪ ಹದ ಮಾಡಿಕೊಡ್ಲಿ, ಸೀಳ್ತೀನಿ."

ಬೂದವ್ವ ಮೇಲೆ ನೋಡಿದಳು. ಅಯ್ಯಯ್ಯೋ! ಇಲ್ಲೂ ಗಡಿಗೆ ಬೋರಲು!

ಓಡಿದಳು ಬೂದವ್ವ. ಕಂಬಾರ ಸಣ್ಣೀರಪ್ಪನ ಕುಲುಮೆಗೆ ಬಂದಳು. ಕುಲುಮೆ ತಣ್ಣಗಿತ್ತು. ಸಣ್ಣೀರಪ್ಪ ಗೋಣಿಚೀಲ ಹೊದ್ದು ಕೂತಿದ್ದ.

"ಕೊಡ್ಲಿ ಹದ ಮಾಡ, ಮಾವಾ!
ಕೊಡ್ಲಿ ಹದ ಆದ್ರ ಕಟಿಗಿ ಬರತೈತಿ.
ಕಟಿಗಿ ಬಂದ್ರ ಕೌದಿ ಬರತೈತಿ.
ಕೌದಿ ಬಂದ್ರ ಹರವಿ ಇಳೀತೈತಿ.
ಹರವಿ ಇಳಿದ್ರ ಹೊಗಿ ಹೋಗತೈತಿ.
ಹೊಗಿ ಹೋದ್ರ ನನ್ನ ಮರಿ ಚಿಂವ್ ಅಂತೈತಿ!"

ಸಣ್ಣೀರಪ್ಪ ಗೋಣಿಚೀಲ ಬಿಸಾಕಿ ಎದ್ದೇಬಿಟ್ಟ. "ಹಾಂ! ಚಿಂವ್ ಅನ್ನವಲ್ದ? ಎಲಾ ಎಲಾ! ಪಾಪ, ಪಾಪ!"

ಎದ್ದವನು ಮತ್ತೆ ಕೂತ. "ಆದ್ರ ನಾ ಒಲ್ಲೆ. ನನ್ನ ತಿದಿ ಹರದೈತಿ. ತಿದಿ ಒತ್ತಿದ್ರ ಗಾಳಿ, ಗಾಳಿ ಬಂದ್ರ ಬೆಂಕಿ. ಗಾಳಿ ಇಲ್ಲದ ಬೆಂಕೀನೂ ಸಾಯತೈತಿ ನೋಡವ್ವ. ಚಪ್ಪಲಿ ಹೊಲಿಯೋ ಯಮನೂರಪ್ಪ ತಿದೀಗೆ ತ್ಯಾಪಿ ಹಾಕ್ಲಿ, ಕೊಡ್ಲಿ ಹದ ಮಾಡ್ತೀನಿ."

ಬೂದವ್ವ ತಣ್ಣಗಿನ ಕುಲುಮೆ ನೋಡಿದಳು. ಗಾಳಿ ಇಲ್ಲದಿದ್ದರೆ ಬೆಂಕಿಯೇ ಸಾಯುತ್ತಂತೆ! ಹಾಗಾದರೆ ನನ್ನ ಮರಿ? ಅಂಗೈಯಗಲದ ನನ್ನ ಮರಿ?

ಓಡಿದಳು, ಓಡಿದಳು, ರೆಕ್ಕೆ ಬಡಿಯುತ್ತ ಓಡಿದಳು. ಯಮನೂರಪ್ಪನ ಮನೆಗೆ ಬಂದಳು.

"ತಿದಿ ಹೊಲಿ, ಅಣ್ಣಾ!
ತಿದಿ ಹೊಲಿದ್ರ ಕೊಡ್ಲಿ ಹದ ಆಗತೈತಿ.
ಕೊಡ್ಲಿ ಹದ ಆದ್ರ ಕಟಿಗಿ ಬರತೈತಿ.
ಕಟಿಗಿ ಬಂದ್ರ ಕೌದಿ ಬರತೈತಿ.
ಕೌದಿ ಬಂದ್ರ ಹರವಿ ಇಳೀತೈತಿ.
ಹರವಿ ಇಳಿದ್ರ ಹೊಗಿ ಹೋಗತೈತಿ.
ಹೊಗಿ ಹೋದ್ರ ನನ್ನ ಮರಿ ಚಿಂವ್ ಅಂತೈತಿ!"

"ಹಾಂ! ಚಿಂವ್ ಅನ್ನವಲ್ದ?" ಯಮನೂರಪ್ಪನ ಕಣ್ಣು ಇಷ್ಟಗಲ ಆದವು. "ಖೊಕ್! ಪಾಪ, ಖೊಕ್! ಪಾಪ! ಆದ್ರ ನಾ ಒಲ್ಲೆ. ಒಳಗ ಕತ್ತಲಿ. ಹೊರಗ ಕುಂತ್ರ ಗಾಳಿಗೆ ಬೆರಳು ಸೆಟಗೊಂತಾವ. ಕತ್ತಲ್ಯಾಗ ಹೊಲಿದ್ರ ನನ್ನ ಬೆರಳ ಹೊಲಕೊಂತೀನಿ. ಮನಿಯೊಳಗ ಬಿಸಿಲು ತಾ, ತಿದಿ ಹೊಲೀತೀನಿ."

ಕೇಳಿದಿರಾ ಮಕ್ಕಳೇ? ಎಲ್ಲರೂ ಹೌಹಾರಿದರು. ಎಲ್ಲರೂ ಪಾಪ ಪಾಪ ಅಂದರು. ಕೂತ ಜಾಗದಿಂದ ಒಬ್ಬರಾದರೂ ಎದ್ದು ಬಂದರಾ? ಬಾಯಿ ಮಾತಿನ ಪಾಪಕ್ಕೆ ಏನು ಖರ್ಚು!

ಬೂದವ್ವ ಯಮನೂರಪ್ಪನ ಮಾಳಿಗೆ ಹತ್ತಿದಳು. ಕತ್ತು ಚಾಚಿ ಕೂಗಿದಳು.

"ಬಿಸಿಲ ಕೊಡ, ಸೂರಪ್ಪಾ!
ಬಿಸಿಲ ಬಂದ್ರ ತಿದಿ ಹೊಲೀತಾನ.
ತಿದಿ ಹೊಲಿದ್ರ ಕೊಡ್ಲಿ ಹದ ಆಗತೈತಿ.
ಕೊಡ್ಲಿ ಹದ ಆದ್ರ ಕಟಿಗಿ ಬರತೈತಿ.
ಕಟಿಗಿ ಬಂದ್ರ ಕೌದಿ ಬರತೈತಿ.
ಕೌದಿ ಬಂದ್ರ ಹರವಿ ಇಳೀತೈತಿ.
ಹರವಿ ಇಳಿದ್ರ ಹೊಗಿ ಹೋಗತೈತಿ.
ಹೊಗಿ ಹೋದ್ರ ನನ್ನ ಮರಿ ಚಿಂವ್ ಅಂತೈತಿ!"

ಸೂರಪ್ಪ ಬೆಚ್ಚಿಬಿದ್ದ. ಸೂರ್ಯನೇ ಬೆಚ್ಚಿಬಿದ್ದ!

"ಹಾಂ! ಬಿಸಿಲು ಇಲ್ಲಂತಾನ? ನಾ ಮುಂಜಾನಿಂದ ಅವನ ಮಾಳಿಗಿ ಮ್ಯಾಲ ಕುಂತೀನಿ! ಒಳಗ ಹೋಗೂ ದಾರಿ ಅವನೇ ಮುಚ್ಯಾನ. ನಿನ್ನ ಊರ ನೋಡವ್ವ, ಬೂದವ್ವ!"

ಬೂದವ್ವ ತಿರುಗಿ ನೋಡಿದಳು. ಅಬ್ಬಬ್ಬಬ್ಬಾ! ಆ ಮಾಳಿಗೆ ಮೇಲೆ ಗಡಿಗೆ. ಈ ಮಾಳಿಗೆ ಮೇಲೆ ಗಡಿಗೆ. ಉದ್ದಕ್ಕೂ ಗಡಿಗೆ, ಅಡ್ಡಕ್ಕೂ ಗಡಿಗೆ. ಬೋರಲು, ಬೋರಲು, ಎಲ್ಲಾ ಬೋರಲು! ಮಳೆ ನಿಂತು ಎಷ್ಟು ದಿನವಾಯಿತು! ಊರಿಗೆ ಊರೇ ಮೂಗು ಮುಚ್ಚಿಕೊಂಡು ಕೂತಿದೆಯಲ್ಲ!

ಪಕ್ಕದಲ್ಲೇ ಯಮನೂರಪ್ಪನ ಗಡಿಗೆ ಇತ್ತು. ಅದು ಹರವಿ ಅಲ್ಲ, ಬರೀ ಗಡಿಗೆ. ಕಲ್ಲೂ ಇರಲಿಲ್ಲ. ಬೂದವ್ವ ಎದೆ ಕೊಟ್ಟಳು. ನೂಕಿದಳು. ಅಲ್ಲಾಡಿತು. ಮತ್ತೆ ನೂಕಿದಳು. ಉರುಳಿತು, ಉರುಳಿತು, ಮಾಳಿಗೆಯಿಂದ ಓಣಿಗೆ ಬಿತ್ತು. ಢಮ್! ಚೂರು ಚೂರು!

"ಯಾವಾಕಿ ಅದು, ನನ್ನ ಗಡಿಗಿ ಒಡದಾಕಿ?" ಒಳಗಿಂದ ಯಮನೂರಪ್ಪ ಚೀರಿದ.

ಚೀರಿದವನ ಮಡಿಲಿಗೆ ಬಿಸಿಲು ಬಿತ್ತು. ರೊಟ್ಟಿಯಷ್ಟು ದುಂಡನೆಯ ಬಿಸಿಲು. ಹೊಗೆ ಸುರ್ರನೆ ಮೇಲೆ ಹೋಯಿತು. ಖೊಕ್ ನಿಂತಿತು. ಬೆರಳು ಬೆಚ್ಚಗಾದವು.

"ಹಾಂ!" ಅಂದ ಯಮನೂರಪ್ಪ. ಈ ಸಲ ಪಾಪ ಅನ್ನಲಿಲ್ಲ. ಎದ್ದ!

ಬಿಸಿಲು ಬಂತು, ಯಮನೂರಪ್ಪ ತಿದಿ ತಂದು ಹೊಲಿದ. ಚರ್ಮದ ತ್ಯಾಪೆ, ಗಟ್ಟಿ ಹೊಲಿಗೆ.

ತಿದಿ ಹೊಲಿದ, ಸಣ್ಣೀರಪ್ಪ ಕುಲುಮೆ ಹೊತ್ತಿಸಿದ. ಬುಸ್! ಬುಸ್! ಗಾಳಿ ಬಂತು, ಬೆಂಕಿ ಎದ್ದಿತು. ಠಣ್! ಠಣ್! ಕೊಡಲಿ ಹದವಾಯಿತು.

ಕೊಡಲಿ ಹದವಾಯಿತು, ಮೌನಪ್ಪ ಬೊಡ್ಡೆ ಸೀಳಿದ. ಫಟ್! ಫಟ್! ಒಣ ಕಟ್ಟಿಗೆ ಬಂತು.

ಒಣ ಕಟ್ಟಿಗೆ ಬಂತು, ಹುಲಿಗೆವ್ವನ ಒಲೆ ಧಗ್ಗನೆ ಉರಿಯಿತು. ಕಣ್ಣೀರು ನಿಂತಿತು. ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು. ನಾಲ್ಕನೇ ಮೂಲೆ ಮುಗಿಯಿತು.

ಕೌದಿ ಬಂತು. ಹುಲಿಗೆವ್ವ ಹೊತ್ತು ತಂದು ಅಜ್ಜಿಗೆ ಹೊದಿಸಿದಳು.

ಅಜ್ಜಿ ಏನು ಮಾಡಿದಳು? ಹರವಿ ಇಳಿಸಿದಳಾ? ಇಲ್ಲ! "ಆಹಾ, ಬೆಚ್ಚಗೈತಿ" ಅಂದಳು. ಕಣ್ಣು ಮುಚ್ಚಿಬಿಟ್ಟಳು!

ಬೂದವ್ವನಿಗೆ ಸಿಟ್ಟು ನೆತ್ತಿಗೇರಿತು. ಅಜ್ಜಿಯ ಹೆಬ್ಬೆರಳಿಗೆ ಕುಟುಕ್ ಅಂತ ಒಂದು ಕುಕ್ಕಿದಳು.

"ಯವ್ವಾ! ಎದ್ದೆ, ಎದ್ದೆ!"

ಕೌದಿ ಹೊದ್ದುಕೊಂಡೇ ಅಜ್ಜಿ ಏಣಿ ಹತ್ತಿದಳು. ಹಿಂದೆ ಹುಲಿಗೆವ್ವ ಹತ್ತಿದಳು. ಇಬ್ಬರೂ ಸೇರಿ ಗುಂಡುಕಲ್ಲು ಇಳಿಸಿದರು. ಹೂಂ ಅಂತ ಉಸಿರು ಹಿಡಿದು ಹರವಿ ಎತ್ತಿದರು.

ಭರ್ರ್! ಬಂತು ನೋಡಿ ಹೊಗೆ! ಕರೀ ಹೊಗೆ, ಬಿಳೀ ಹೊಗೆ, ನಿನ್ನೆಯ ಹೊಗೆ, ಮೊನ್ನೆಯ ಹೊಗೆ. ಬೇವಿನ ಮರಕ್ಕಿಂತ ಎತ್ತರ ಹೋಯಿತು. ಇನ್ನೂ ಬರುತ್ತಲೇ ಇತ್ತು. ಓಣಿಯವರೆಲ್ಲ ಹೊರಗೆ ಬಂದು ಬಾಯಿ ಬಿಟ್ಟು ನಿಂತರು.

"ಇಷ್ಟೂ ನನ್ನ ಮನಿಯೊಳಗಿತ್ತ?" ಅಜ್ಜಿ ಹರವಿ ಹಿಡಿದು ನಿಂತಲ್ಲೇ ನಿಂತಳು. "ಇದರಾಗ ಆ ಮರಿ ಹ್ಯಾಂಗಿತ್ತ?"

ಆಮೇಲೆ ಇಳಿದಳು ನೋಡಿ! ಕೌದಿ ಒಂದು ಕಡೆ, ಸೆರಗು ಒಂದು ಕಡೆ. ಒಳಗೆ ಓಡಿ ಬುಟ್ಟಿ ಎತ್ತಿದಳು. ಮರಿಯನ್ನು ಅಂಗೈಯಲ್ಲಿ ಹಿಡಿದು ಬೆಳಕಿಂಡಿ ಕೆಳಗೆ ನಿಂತಳು.

ಮೇಲಿಂದ ಹೊಸ ಗಾಳಿ ಬಂತು. ಮರಿ ಕೊಕ್ಕು ತೆರೆಯಿತು. ಚಿಂವ್ ಬರಲಿಲ್ಲ.

ಬೂದವ್ವ ಉಸಿರು ಬಿಗಿಹಿಡಿದಳು. ಹುಲಿಗೆವ್ವ ಉಸಿರು ಬಿಗಿಹಿಡಿದಳು. ಬಾಗಿಲಲ್ಲಿ ಮೌನಪ್ಪ, ಸಣ್ಣೀರಪ್ಪ, ಯಮನೂರಪ್ಪ. ಯಾರೂ ಪಾಪ ಅನ್ನಲಿಲ್ಲ.

ಮರಿ ಮತ್ತೆ ಕೊಕ್ಕು ತೆರೆಯಿತು.

"ಚಿ..."

"ಚಿಂ..."

"ಚಿಂವ್!"

"ಬಂತು! ಬಂತು! ಚಿಂವ್ ಬಂತು!"

ಬೂದವ್ವ ಹಾರಿ ಅಜ್ಜಿಯ ತೋಳ ಮೇಲೆ ಕೂತಳು. ಅಜ್ಜಿ ಗೊಳೋ ಅಂತ ಅತ್ತಳು. "ಬೆಚ್ಚಗಿರಲಿ ಅಂತ ಮುಚ್ಚಿಟ್ಟೆ, ನನ್ನ ಕೂಸ. ನಿನ್ನ ಉಸಿರನ್ನೂ ಮುಚ್ಚಿಬಿಟ್ಟಿದ್ನಲ್ಲ!"

"ಚಿಂವ್! ಚಿಂವ್! ಚಿಂವ್! ಚಿಂವ್!" ಅಂತು ಮರಿ. ಬೆಳಿಗ್ಗೆಯಿಂದ ಉಳಿದದ್ದೆಲ್ಲ ಸೇರಿಸಿ ಅಂತು.

ಬಾಗಿಲಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಮೌನಪ್ಪ ತನ್ನ ಮನೆಗೆ ಓಡಿದ. ಸಣ್ಣೀರಪ್ಪ ತನ್ನ ಮನೆಗೆ ಓಡಿದ. ಹುಲಿಗೆವ್ವ ತನ್ನ ಮನೆಗೆ ಓಡಿದಳು. ಯಮನೂರಪ್ಪ ಮಾತ್ರ ಓಡಲಿಲ್ಲ. ಅವನದು ಆಗಲೇ ಚೂರಾಗಿತ್ತಲ್ಲ!

ಆ ಮಾಳಿಗೆಯ ಗಡಿಗೆ ಇಳಿಯಿತು. ಈ ಮಾಳಿಗೆಯ ಗಡಿಗೆ ಇಳಿಯಿತು. ಉದ್ದಕ್ಕೂ ಇಳಿಯಿತು, ಅಡ್ಡಕ್ಕೂ ಇಳಿಯಿತು. ಊರಿಗೆ ಊರೇ ಉಸಿರು ಬಿಟ್ಟಿತು.

ಹೊಗೆ ಹೋಯಿತು ಬಾನಿಗೆ, ಕಥೆ ಹೋಯಿತು ಮನೆಗೆ.